ಸಭಾಕಂಪ (ವಾದ್ಯಸಂಗೀತ)

ಸಭಾಕಂಪ ಎಂದರೆ ಇತರರ ಮುಂದೆ ಹಾಡುವ, ನುಡಿಸುವ, ಅಭಿನಯಿಸುವ ಅಥವಾ ಮಾತನಾಡುವ ಸಂದರ್ಭದಲ್ಲಿ ವ್ಯಕ್ತಿಗೆ ಉಂಟಾಗುವ ಭಯ ಮತ್ತು ಆ ಭಯದಿಂದ ದೇಹದಲ್ಲಿ ತೋರುವ ನಡುಕ, ಬೆವರು, ಎದೆಬಡಿತ ಮೊದಲಾದ ವಿಕಾರಗಳು. ಸಭೆ ಎದುರಿಗಿಲ್ಲದೆ ಧ್ವನಿಮುದ್ರಣ ಯಂತ್ರವೊಂದೇ ಇದ್ದಾಗಲೂ ಇದು ಕಾಣಿಸಿಕೊಳ್ಳುತ್ತದೆ. ಈ ಲೇಖನವು ಪಿಯಾನೊ, ಹಾರ್ಮೋನಿಯಂ ಮತ್ತು ಎಲೆಕ್ಟ್ರಾನಿಕ್ ಕೀಬೋರ್ಡ್, ಅಂದರೆ ಕೀಲಿಮಣೆಯುಳ್ಳ ವಾದ್ಯಗಳನ್ನು ನುಡಿಸುವವರ ಸಭಾಕಂಪವನ್ನು ಕುರಿತದ್ದು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಪ್ರದೇಶದ ಭಜನೆಯ ಪರಂಪರೆಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಪದ ಮತ್ತು ವ್ಯಾಪ್ತಿ

'ಸಭಾ' ಮತ್ತು 'ಕಂಪ' ಎರಡೂ ಸಂಸ್ಕೃತದಿಂದ ಬಂದ ಪದಗಳು. ಕಂಪ ಎಂದರೆ ನಡುಕ; ಸುವಾಸನೆಯೆಂಬ ಅರ್ಥದ ಕನ್ನಡದ 'ಕಂಪು' ಬೇರೆ. ಸಭಾಕಂಪನ, ವೇದಿಕೆಯ ಭಯ ಎಂಬ ಪ್ರಯೋಗಗಳೂ ರೂಢಿಯಲ್ಲಿವೆ. ಕಲಬುರಗಿ ಕಡೆಯ ಆಡುಮಾತಿನಲ್ಲಿ 'ಎದಿ ಡವಡವ ಅಂತದ', 'ಕೈಕಾಲು ಥರಥರ ಅಂತಾವ' ಎಂದು ಹೇಳುವುದು ಇದನ್ನೇ.

ಸಭಾಕಂಪವನ್ನು ನಾಚಿಕೆಯಿಂದಲೂ ಸಿದ್ಧತೆಯ ಕೊರತೆಯಿಂದಲೂ ಬೇರ್ಪಡಿಸಿ ನೋಡಬೇಕಾಗುತ್ತದೆ. ನಾಚಿಕೆ ಸ್ವಭಾವದವರಲ್ಲಿ ಅನೇಕರು ವಾದ್ಯದ ಮುಂದೆ ಕುಳಿತೊಡನೆ ನಿರಾಳರಾಗುತ್ತಾರೆ. ಮಾತಿನಮಲ್ಲರಾದವರು ಅದೇ ಸ್ಥಳದಲ್ಲಿ ಬೆವರುವುದೂ ಉಂಟು. ಪಾಠ ಬಾರದವನಿಗೆ ಆಗುವ ಹೆದರಿಕೆಗೆ ಕಾರಣ ಎದುರಿಗೇ ಇರುತ್ತದೆ, ಕಲಿತರೆ ಅದು ಹೋಗುತ್ತದೆ. ಸಭಾಕಂಪದ ವಿಚಿತ್ರವೆಂದರೆ ಅದು ಚೆನ್ನಾಗಿ ಕಲಿತವನನ್ನೂ ಹಿಡಿಯುತ್ತದೆ. ಮನೆಯಲ್ಲಿ ನೂರು ಸಲ ತಪ್ಪಿಲ್ಲದೆ ನುಡಿಸಿದ ಕೃತಿ ನೂರೊಂದನೆಯ ಸಲ, ನಾಲ್ಕು ಜನ ಕುಳಿತಾಗ, ಕೈಬಿಡುತ್ತದೆ. ಇದನ್ನು ಕಂಡ ಹಿರಿಯರು 'ಇವನಿಗೆ ಸಂಗೀತ ಒಗ್ಗುವುದಿಲ್ಲ' ಎಂದು ತೀರ್ಮಾನಿಸಿ ಕಲಿಕೆಯನ್ನೇ ನಿಲ್ಲಿಸಿದ ಪ್ರಸಂಗಗಳು ಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಅಪರಿಚಿತವಲ್ಲ. ಆ ತೀರ್ಮಾನ ತಪ್ಪು. ಕಲಿಕೆ ಒಂದು ವಿದ್ಯೆ, ಕೇಳಿಸುವುದು ಇನ್ನೊಂದು ವಿದ್ಯೆ. ಎರಡನೆಯದಕ್ಕೂ ಪ್ರತ್ಯೇಕವಾದ ಅಭ್ಯಾಸ ಬೇಕು.

ಪ್ರಾಚೀನ ಗ್ರಂಥಗಳಲ್ಲಿ

ಭರತನ ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳನ್ನು ಹೇಳುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು ಮತ್ತು ಪ್ರಳಯ. ಮೈ ಮರಗಟ್ಟುವುದು, ಬೆವರುವುದು, ರೋಮ ನಿಮಿರುವುದು, ಧ್ವನಿ ಒಡೆಯುವುದು, ನಡುಗುವುದು, ಮುಖದ ಬಣ್ಣ ಬದಲಾಗುವುದು, ಕಣ್ಣೀರು, ಮೂರ್ಛೆ ಎಂದು ಇವುಗಳ ಅರ್ಥ. ನಟನು ಪಾತ್ರದ ಭಾವವನ್ನು ತೋರಿಸಲು ಬಳಸಬೇಕಾದ ಈ ಚಿಹ್ನೆಗಳ ಪಟ್ಟಿಯೂ ಸಭಾಕಂಪದ ಲಕ್ಷಣಗಳ ಪಟ್ಟಿಯೂ ಬಹುಮಟ್ಟಿಗೆ ಒಂದೇ ಆಗಿವೆ.

ಸಂಗೀತಕ್ಕೆ ನೇರವಾಗಿ ಸಂಬಂಧಿಸಿದ ಉಲ್ಲೇಖ 13ನೆಯ ಶತಮಾನದ ಸಂಗೀತರತ್ನಾಕರದಲ್ಲಿದೆ. ಇದರ ಕರ್ತೃ ಶಾರ್ಙ್ಗದೇವನು ದೇವಗಿರಿಯ ಸೇವುಣ ಅರಸ ಸಿಂಘಣನ ಆಶ್ರಯದಲ್ಲಿದ್ದವನು. ಈತನು ಗಾಯಕರ 25 ದೋಷಗಳನ್ನು ಹೆಸರಿಸುವಾಗ 'ಭೀತ'ನನ್ನೂ ಅವನ ಬೆನ್ನಿಗೇ 'ಶಂಕಿತ'ನನ್ನೂ ಸೇರಿಸುತ್ತಾನೆ. ಭಯದಿಂದ ಹಾಡುವವನು ಭೀತ. ಅವಸರದಿಂದ ಹಾಡುವವನು ಶಂಕಿತ. ಮೈಯೂ ಧ್ವನಿಯೂ ನಡುಗುವ 'ಕಂಪಿತ', ಕಣ್ಣು ಮುಚ್ಚಿ ಹಾಡುವ 'ನಿಮೀಲಕ' ಎಂಬವರೂ ಪಟ್ಟಿಯಲ್ಲಿದ್ದಾರೆ. ಭಯ ಬಂದ ಮೇಲೆ ಲಯ ಓಡತೊಡಗುತ್ತದೆ ಎಂಬುದನ್ನು ಪ್ರತಿ ಸಂಗೀತ ಶಿಕ್ಷಕನೂ ಬಲ್ಲನು. ಭೀತ ಮತ್ತು ಶಂಕಿತ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿರುವುದು ಆ ಅನುಭವಕ್ಕೆ ಒಪ್ಪುವಂತಿದೆ. ಆದರೆ ಗ್ರಂಥವು ಭಯವನ್ನು ದೋಷವೆಂದು ಗುರುತಿಸುತ್ತದೆಯೇ ಹೊರತು ಅದನ್ನು ಕಳೆಯುವ ಕ್ರಮವನ್ನು ಅಲ್ಲಿ ಹೇಳುವುದಿಲ್ಲ.

ದೇಹದಲ್ಲಿ ನಡೆಯುವುದು

ಅಪಾಯ ಎದುರಾದಾಗ ಪ್ರಾಣಿಯ ದೇಹ ಹೋರಾಟಕ್ಕೆ ಅಥವಾ ಓಟಕ್ಕೆ ಸಿದ್ಧವಾಗುತ್ತದೆ ಎಂಬುದನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ಉಸಿರು ಚಿಕ್ಕದಾಗುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆಯಲ್ಲಿ ಕಸಿವಿಸಿ ಆಗುತ್ತದೆ. ರಕ್ತವು ಚರ್ಮದ ಕಡೆಯಿಂದ ದೊಡ್ಡ ಸ್ನಾಯುಗಳ ಕಡೆಗೆ ಹರಿಯುವುದರಿಂದ ಬೆರಳುಗಳು ತಣ್ಣಗಾಗುತ್ತವೆ. ಹುಲಿ ಬಂದಾಗ ಓಡುವವನಿಗೆ ಇವೆಲ್ಲ ಉಪಕಾರಿ. ಯಮನ್ ರಾಗದ ಗತ್ತನ್ನು ನುಡಿಸಬೇಕಾದವನಿಗೆ ತಣ್ಣನೆಯ ಬೆರಳಿಂದ ಉಪಕಾರವೇನೂ ಇಲ್ಲ.

ಹಾಗೆಂದು ಉದ್ವೇಗವೇ ಇಲ್ಲದಿರುವುದು ಒಳ್ಳೆಯದೆಂದೂ ಅಲ್ಲ. 1908ರಲ್ಲಿ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಎಂಬ ಮನೋವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಬೆಳೆದುಬಂದ ತತ್ತ್ವದ ಪ್ರಕಾರ, ಪ್ರಚೋದನೆ ಒಂದು ಹದದವರೆಗೆ ಕೆಲಸವನ್ನು ಉತ್ತಮಗೊಳಿಸುತ್ತದೆ. ಹದ ಮೀರಿದರೆ ಕೆಡಿಸುತ್ತದೆ. ಕೆಲಸ ಕಠಿಣವಾದಷ್ಟೂ ಆ ಹದ ಕೆಳಗಿರುತ್ತದೆ. ಸುಲಭವಾದ ಭಜನೆಯ ಧಾಟಿಯನ್ನು ಎಷ್ಟು ಉದ್ವೇಗದಲ್ಲಿಯೂ ನುಡಿಸಬಹುದು, ಕಠಿಣವಾದ ತಾನವನ್ನು ನುಡಿಸಲಾಗದು. ಆದುದರಿಂದ ಮೊದಲ ಸಭೆಗೆ ತನಗೆ ಬರುವ ಅತ್ಯಂತ ಕಠಿಣ ಕೃತಿಯನ್ನು ಆರಿಸಿಕೊಳ್ಳುವುದು ವಿವೇಕವಲ್ಲ.

ಕೀಲಿಮಣೆ ವಾದಕರ ವಿಶೇಷ ಕಷ್ಟಗಳು

ಹಾಡುಗಾರನ ಭಯ ಧ್ವನಿಯಲ್ಲಿ ತೋರಿದರೆ ಕೀಲಿಮಣೆ ವಾದಕನ ಭಯ ಕೈಯಲ್ಲಿ ತೋರುತ್ತದೆ. ಬೆವರಿದ ಬೆರಳು ಪಕ್ಕದ ಕೀಲಿಗೆ ಜಾರುತ್ತದೆ. ಪಿಯಾನೊದಲ್ಲಿ ಪೆಡಲಿನ ಮೇಲಿಟ್ಟ ಕಾಲು ನಡುಗುವುದು ಸಾಮಾನ್ಯ. ಹಾರ್ಮೋನಿಯಂ ನುಡಿಸುವವನ ಬಲಗೈ ಗಟ್ಟಿಯಾಗಿದ್ದರೂ ತಿದಿ ಹಾಕುವ ಎಡಗೈ ಅವಸರಕ್ಕೆ ಬಿದ್ದರೆ ನಾದವು ಏರಿಳಿದು ಕೇಳುಗನಿಗೆ ಗುಟ್ಟು ತಿಳಿಯುತ್ತದೆ. ಸಿತಾರ್, ಪಿಟೀಲುಗಳಲ್ಲಿ ಸ್ವರವನ್ನು ತುಸು ಸರಿಸಿ ತಪ್ಪನ್ನು ಮರೆಮಾಡಬಹುದು. ಕೀಲಿಮಣೆಯಲ್ಲಿ ಒತ್ತಿದ ಕೀಲಿ ಒತ್ತಿದ ಹಾಗೆಯೇ ಕೇಳಿಸುತ್ತದೆ.

ಎರಡನೆಯ ಕಷ್ಟ ನೆನಪಿನದು. ಬಹುಕಾಲ ಅಭ್ಯಾಸ ಮಾಡಿದ ಕೃತಿಯನ್ನು ಬೆರಳುಗಳು ತಾವಾಗಿಯೇ ನುಡಿಸುತ್ತವೆ, ಬುದ್ಧಿ ಅದನ್ನು ಗಮನಿಸುವುದಿಲ್ಲ. ಸಭೆಯಲ್ಲಿ ಕುಳಿತಾಗ 'ಮುಂದಿನ ಸ್ವರ ಯಾವುದು?' ಎಂದು ಬುದ್ಧಿ ಏಕಾಏಕಿ ಕೇಳುತ್ತದೆ. ಬೆರಳಿಗೆ ವಹಿಸಿದ ಕೆಲಸವನ್ನು ಬುದ್ಧಿ ಕಿತ್ತುಕೊಂಡೊಡನೆ ಸರಪಳಿ ತುಂಡಾಗುತ್ತದೆ. ತುಂಡಾದ ಕಡೆಯಿಂದ ಮುಂದುವರಿಯಲು ಬಾರದೆ ವಿದ್ಯಾರ್ಥಿ ಮೊದಲಿನಿಂದ ಆರಂಭಿಸುತ್ತಾನೆ, ಅದೇ ಜಾಗದಲ್ಲಿ ಮತ್ತೆ ನಿಲ್ಲುತ್ತಾನೆ. ಶಾಲಾ ವಾರ್ಷಿಕೋತ್ಸವಗಳಲ್ಲಿ ಈ ದೃಶ್ಯವನ್ನು ಕಾಣದವರು ವಿರಳ.

ಸ್ವರಲಿಪಿಯನ್ನು ನೋಡದೆ ನುಡಿಸಬೇಕೆಂಬ ಕಟ್ಟಳೆ ಪಿಯಾನೊ ಲೋಕದಲ್ಲಿ ಬಹಳ ಹಳೆಯದೇನೂ ಅಲ್ಲ. 19ನೆಯ ಶತಮಾನದಲ್ಲಿ ಕ್ಲಾರಾ ಶುಮನ್, ಫ್ರಾಂಜ್ ಲಿಸ್ಟ್ ಮೊದಲಾದವರಿಂದ ಅದು ರೂಢಿಗೆ ಬಂದಿತು. ರಷ್ಯದ ಖ್ಯಾತ ವಾದಕ ಸ್ವ್ಯಾಟೊಸ್ಲಾವ್ ರಿಕ್ಟರ್ ತನ್ನ ಕೊನೆಯ ವರ್ಷಗಳಲ್ಲಿ ಸಭಾಂಗಣವನ್ನು ಕತ್ತಲೆಯಲ್ಲಿಟ್ಟು, ಸ್ವರಲಿಪಿಯ ಮೇಲೆ ಒಂದು ಸಣ್ಣ ದೀಪವನ್ನಷ್ಟೇ ಇರಿಸಿಕೊಂಡು ನುಡಿಸುತ್ತಿದ್ದನು. ನೋಡಿ ನುಡಿಸುವುದು ಅವಮಾನವಲ್ಲ ಎನ್ನುವುದಕ್ಕೆ ಇಷ್ಟು ಸಾಕು.

ಆಳಂದ, ಅಫಜಲಪುರ ಮತ್ತು ಜೇವರ್ಗಿಯ ಭಜನೆ

ಈ ಪ್ರದೇಶದ ಹಳ್ಳಿಗಳಲ್ಲಿ ಪಿಯಾನೊ ಅಪರೂಪ. ಇಲ್ಲಿ ಕೀಲಿಮಣೆ ಎಂದರೆ ಹಾರ್ಮೋನಿಯಂ. ಜನರ ಮಾತಿನಲ್ಲಿ 'ಪೇಟಿ'. ಅಲೆಕ್ಸಾಂಡರ್ ದೆಬೆಯ್ನ್ 1842ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯವನ್ನು ಕಾಲಿನಿಂದ ತಿದಿಯೊತ್ತಿ ನುಡಿಸಬೇಕಾಗಿತ್ತು. ನೆಲದ ಮೇಲೆ ಕುಳಿತು ಕೈಯಿಂದ ತಿದಿ ಹಾಕುವ ರೂಪವನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ರೂಪಿಸಿದರು. ನಾಟಕ ಕಂಪನಿಗಳು, ಕೀರ್ತನಕಾರರು ಮತ್ತು ಭಜನಾ ಮಂಡಳಿಗಳ ಮೂಲಕ ಅದು ಉತ್ತರ ಕರ್ನಾಟಕದ ಊರೂರಿಗೆ ಹರಡಿತು. ನಾಟಕ, ಬಯಲಾಟಗಳಲ್ಲಿ ಅದನ್ನು ನುಡಿಸುವವನಿಗೆ 'ಪೇಟಿ ಮಾಸ್ತರ' ಎಂಬ ಗೌರವದ ಹೆಸರುಂಟು.

ಮೂರೂ ತಾಲ್ಲೂಕುಗಳು ಸಾಮೂಹಿಕ ಗಾಯನಕ್ಕೆ ಹೆಸರಾದವು. ಹಿಂದೆ ಜೇವರ್ಗಿ ತಾಲ್ಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿರುವ ಕಡಕೋಳವು ತತ್ತ್ವಪದಕಾರ ಮಡಿವಾಳಪ್ಪನವರ ಊರು. ಅವರ ಶಿಷ್ಯವರ್ಗದಲ್ಲಿ ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮೊದಲಾದ ಬೇರೆ ಬೇರೆ ಜಾತಿ ಮತಗಳ ಪದಕಾರರಿದ್ದರು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವು ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದಲ್ಲಿರುವ ದತ್ತಾತ್ರೇಯ ಕ್ಷೇತ್ರ. ಅಲ್ಲಿ ಕನ್ನಡದ ಜೊತೆಗೆ ಮರಾಠಿ ಭಜನೆಯೂ ಕೇಳಿಸುತ್ತದೆ. ಅಮರ್ಜೆ ಹರಿದು ಬರುವ ಆಳಂದದಲ್ಲಿ ಲಾಡ್ಲೆ ಮಶಾಯಖರ ದರ್ಗಾ ಇದೆ. ಮೊಹರಂ ಸಮಯದಲ್ಲಿ ಈ ಭಾಗದ ಊರುಗಳಲ್ಲಿ ಹಾಡುವ ರಿವಾಯತ್ ಪದಗಳಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಸೇರುತ್ತಾರೆ.

ಸಭಾಕಂಪದ ದೃಷ್ಟಿಯಿಂದ ಇಲ್ಲಿಯ ರಾತ್ರಿ ಭಜನೆಯ ಕ್ರಮವನ್ನು ಗಮನಿಸಬೇಕು. ಮಠ, ಗುಡಿ ಅಥವಾ ಯಾರದಾದರೂ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸುತ್ತ ಕುಳಿತಿರುತ್ತಾರೆ. ಎತ್ತರದ ವೇದಿಕೆ ಇಲ್ಲ, ಕೇಳುವವರು ಬೇರೆ ಹಾಡುವವರು ಬೇರೆ ಎಂಬ ಗೆರೆಯೂ ಇಲ್ಲ. ಹುಡುಗನ ಕೈಗೆ ಮೊದಲು ತಾಳ ಬರುತ್ತದೆ. ಕೆಲವು ತಿಂಗಳ ಮೇಲೆ ಅವನು ಹಿಮ್ಮೇಳದಲ್ಲಿ ಪಲ್ಲವಿಗೆ ದನಿಗೂಡಿಸುತ್ತಾನೆ. ಮುಂದೊಂದು ದಿನ ಹಿರಿಯರು 'ಒಂದು ನುಡಿ ನೀ ಹೇಳೋ ತಮ್ಮಾ' ಎನ್ನುತ್ತಾರೆ. ಪೇಟಿ ಮಾಸ್ತರ ಚಹಾ ಕುಡಿಯಲು ಎದ್ದಾಗ ಪೇಟಿಯೂ ಅವನ ಮುಂದೆ ಬರುತ್ತದೆ. ಎಲ್ಲರಿಗೂ ತಿಳಿದ ಧಾಟಿ, ಮೂರು ನಾಲ್ಕು ಸ್ವರಗಳ ಓಡಾಟ. ಕೈ ತಪ್ಪಿದರೆ ಇಪ್ಪತ್ತು ಕಂಠಗಳ ಪಲ್ಲವಿಯಲ್ಲಿ ಆ ತಪ್ಪು ಮುಳುಗಿಹೋಗುತ್ತದೆ. ಅವನ ಹೆಸರನ್ನು ಯಾರೂ ಧ್ವನಿವರ್ಧಕದಲ್ಲಿ ಕೂಗಿರುವುದಿಲ್ಲ, ಅಂಕವನ್ನೂ ಕೊಡುವುದಿಲ್ಲ.

ಭಯ ಹುಟ್ಟಿಸುವ ಸನ್ನಿವೇಶವನ್ನು ಅತಿ ಚಿಕ್ಕ ಪ್ರಮಾಣದಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿಸುವ ಚಿಕಿತ್ಸಾಕ್ರಮವನ್ನು ಮನೋವೈದ್ಯ ಜೋಸೆಫ್ ವೋಲ್ಪೆ 1958ರ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಭಜನೆಯ ಹಿರಿಯರು ಚಿಕಿತ್ಸೆಯೆಂಬ ಹೆಸರಿಲ್ಲದೆ ಮಾಡಿಕೊಂಡು ಬಂದದ್ದೂ ಇದನ್ನೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಶಿಷ್ಯರನ್ನು ಪ್ರಾರ್ಥನೆ, ಕೀರ್ತನೆ, ನಾಟಕಗಳಲ್ಲಿ ತೊಡಗಿಸಿದುದರ ಫಲವೂ ಇಂಥದೇ. ಜನರ ನಡುವೆಯೇ ಕಲಿತವನಿಗೆ ಜನ ಹೊಸದಾಗಿ ತೋರುವುದಿಲ್ಲ.

ಈ ಪರಂಪರೆಗೆ ಎರಡು ಮಿತಿಗಳಿವೆ. ಭಜನೆಯಲ್ಲಿ ಪಳಗಿದ ಹುಡುಗ ಪ್ರತಿಭಾ ಕಾರಂಜಿಯಂಥ ಸ್ಪರ್ಧೆಯಲ್ಲಿಯೋ ಸಂಗೀತ ಪರೀಕ್ಷೆಯಲ್ಲಿಯೋ ಒಬ್ಬನೇ ಕುಳಿತಾಗ ಹಿಮ್ಮೇಳವಿಲ್ಲದೆ ಕಂಗಾಲಾಗುತ್ತಾನೆ. ಏಕಾಂಗಿ ವಾದನಕ್ಕೆ ಬೇಕಾದ ಮೆಟ್ಟಿಲು ಭಜನೆಯಲ್ಲಿಲ್ಲ. ಇನ್ನೊಂದು ಮಿತಿ ಹೆಚ್ಚು ಗಂಭೀರವಾದುದು. ರಾತ್ರಿ ಭಜನೆಯ ಸುತ್ತಿನಲ್ಲಿ ಹೆಣ್ಣುಮಕ್ಕಳಿಗೆ ಹುಡುಗರಿಗೆ ಸಿಕ್ಕಷ್ಟು ಜಾಗ ಸಿಕ್ಕಿಲ್ಲ. ಮಹಿಳಾ ಭಜನಾ ಮಂಡಳಿಗಳು ಇರುವ ಊರುಗಳಲ್ಲಿ ಈ ಕೊರತೆ ಸ್ವಲ್ಪಮಟ್ಟಿಗೆ ನೀಗಿದೆ. ಇಲ್ಲದ ಊರುಗಳಲ್ಲಿ ಹುಡುಗಿ ಮನೆಯೊಳಗೆ ಕಲಿತು ನೇರವಾಗಿ ವೇದಿಕೆಗೇ ಹೋಗಬೇಕಾಗುತ್ತದೆ. ಅವಳು ಹೆಚ್ಚು ಅಂಜಿದರೆ ಅದು ಅವಳ ಸ್ವಭಾವದ ದೋಷವಲ್ಲ, ಏರಲು ಮೆಟ್ಟಿಲುಗಳಿಲ್ಲದ್ದರ ಪರಿಣಾಮ.

ಪ್ರಸಿದ್ಧ ಸಂಗೀತಗಾರರಲ್ಲಿ

ಪಿಯಾನೊ ಕೃತಿಗಳ ಮಹಾಕರ್ತೃ ಫ್ರೆಡರಿಕ್ ಶೊಪಾನ್ ಜನಸಂದಣಿಗೆ ಅಂಜುತ್ತಿದ್ದನು. ಆತನು ಇಡೀ ಜೀವಿತದಲ್ಲಿ ನಡೆಸಿದ ಸಾರ್ವಜನಿಕ ಕಛೇರಿಗಳು 30ರ ಆಸುಪಾಸು. ಮಿಕ್ಕೆಲ್ಲ ವಾದನ ಗೆಳೆಯರ ಮನೆಗಳ ಕೋಣೆಗಳಲ್ಲಿ. ವ್ಲಾದಿಮಿರ್ ಹೊರೊವಿಟ್ಸ್ 1953ರಲ್ಲಿ ವೇದಿಕೆಯಿಂದ ದೂರ ಸರಿದು 12 ವರ್ಷಗಳ ಬಳಿಕ, 1965ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣಕ್ಕೆ ಮರಳಿದನು. ಕೆನಡಾದ ಗ್ಲೆನ್ ಗೂಲ್ಡ್ 1964ರಲ್ಲಿ ಕಛೇರಿಗಳನ್ನು ಸಂಪೂರ್ಣವಾಗಿ ತೊರೆದು ಧ್ವನಿಮುದ್ರಣಕ್ಕೆ ತನ್ನನ್ನು ಮೀಸಲಿಟ್ಟನು. ಆತನಿಗೆ ಯಂತ್ರ ಆಪ್ತವಾಗಿತ್ತು, ಸಭೆ ಆಗಿರಲಿಲ್ಲ. ಎಲ್ಲರ ಭಯವೂ ಒಂದೇ ಕಡೆಗೆ ಮುಖಮಾಡಿರುವುದಿಲ್ಲ.

ಕರ್ನಾಟಕದ ಒಂದು ಪ್ರಸಂಗ ಬೇರೆ ಬಗೆಯದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರಿಗೆ ಸ್ವಾಗತಗೀತೆ ಹಾಡಿದವರಲ್ಲಿ ಬಾಲಕಿ ಗಂಗೂಬಾಯಿ ಹಾನಗಲ್ ಒಬ್ಬರು. ಹಾಡು ತಪ್ಪೀತೆಂಬುದಕ್ಕಿಂತ, ತಮ್ಮ ಜಾತಿಯ ಕಾರಣದಿಂದ ಊಟದ ಎಲೆ ತೆಗೆಯಲು ಹೇಳಿಯಾರೆಂಬ ಅಳುಕು ಅಂದು ತಮ್ಮನ್ನು ಕಾಡಿತ್ತೆಂದು ಅವರು ಮುಂದೆ ನೆನೆಸಿಕೊಂಡಿದ್ದಾರೆ. ಸಭೆಗೆ ಅಂಜುವ ಮಗು ಯಾವುದಕ್ಕೆ ಅಂಜುತ್ತಿದೆ ಎಂಬುದನ್ನು ಕೇಳಿ ತಿಳಿಯಬೇಕು. ಬಟ್ಟೆ, ಮಾತಿನ ಧಾಟಿ, ಮನೆತನ, ಬಡತನ ಇವುಗಳನ್ನು ಕುರಿತ ಅಳುಕು ಅನೇಕ ವೇಳೆ ಸಂಗೀತದ ಅಳುಕಿನ ವೇಷದಲ್ಲಿ ಬರುತ್ತದೆ. ಅದಕ್ಕೆ ಇನ್ನಷ್ಟು ಸ್ವರಾಭ್ಯಾಸ ಪರಿಹಾರವಲ್ಲ.

ಧ್ವನಿಮುದ್ರಣದ ಭಯ

1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳು ಗ್ರಾಮಫೋನಿಗಾಗಿ ಮುದ್ರಿತವಾದಾಗ ಗಾಯಕಿ ಒಂದು ಕೊಳವೆಯ ಮುಂದೆ ಸುಮಾರು ಮೂರು ನಿಮಿಷಗಳಲ್ಲಿ ಎಲ್ಲವನ್ನೂ ಮುಗಿಸಬೇಕಾಗಿತ್ತು, ತಿದ್ದುವ ಅವಕಾಶವಿರಲಿಲ್ಲ. ಇಂದು ಮೊಬೈಲಿನಲ್ಲಿ ಎಷ್ಟು ಸಲ ಬೇಕಾದರೂ ಮುದ್ರಿಸಬಹುದು. ಆದರೂ ಕೆಂಪು ಗುಂಡಿ ಒತ್ತಿದೊಡನೆ ಕೈ ಬಿಗಿಯುತ್ತದೆ. ಸಭಿಕನು ಕೇಳಿ ಮರೆಯುತ್ತಾನೆ, ಯಂತ್ರ ಮರೆಯುವುದಿಲ್ಲ ಎಂಬುದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ, ಮತ್ತೆ ಮುದ್ರಿಸಬಹುದೆಂಬ ಸೌಕರ್ಯವೇ. ಸಣ್ಣ ತಪ್ಪಾದರೆ ಅಲ್ಲಿಗೇ ನಿಲ್ಲಿಸಿ ಮೊದಲಿನಿಂದ ಹಿಡಿಯುವವನು ದಿನಕ್ಕೆ 20 ಸಲ ನಿಲ್ಲುವುದನ್ನೇ ಅಭ್ಯಾಸ ಮಾಡುತ್ತಾನೆ. ಕೃತಿಯ ಮೊದಲ ಸಾಲು ಬಂಗಾರವಾಗುತ್ತದೆ, ಕೊನೆಯ ಸಾಲು ಹಸಿಯಾಗಿಯೇ ಉಳಿಯುತ್ತದೆ.

ಧ್ವನಿಮುದ್ರಣ ಈಗ ಪರೀಕ್ಷೆಯ ಭಾಗವೂ ಆಗಿದೆ. ಪಾಶ್ಚಾತ್ಯ ಸಂಗೀತದ ಪರೀಕ್ಷೆ ನಡೆಸುವ ಲಂಡನ್ನಿನ ಎಬಿಆರ್‌ಎಸ್‌ಎಂ, ಟ್ರಿನಿಟಿ ಸಂಸ್ಥೆಗಳು 2020ರಿಂದ ಮನೆಯಲ್ಲಿ ಚಿತ್ರಿಸಿದ ವೀಡಿಯೊಗಳನ್ನೂ ಸ್ವೀಕರಿಸುತ್ತಿವೆ. ಎಬಿಆರ್‌ಎಸ್‌ಎಂನ ವಾದನ ಪರೀಕ್ಷೆಯಲ್ಲಿ ಎಲ್ಲ ಕೃತಿಗಳನ್ನೂ ಕತ್ತರಿಸದೆ ಒಂದೇ ಓಟದಲ್ಲಿ ಮುದ್ರಿಸಬೇಕು. ದೊಡ್ಡ ನಗರಗಳಿಗೆ ಹೋಗದೆ ತಾಲ್ಲೂಕು ಕೇಂದ್ರದಲ್ಲಿದ್ದುಕೊಂಡೇ ಪಿಯಾನೊ ಪರೀಕ್ಷೆಗೆ ಕೂರಲು ಇದರಿಂದ ಅನುಕೂಲವಾಗಿದೆ. ಆಕಾಶವಾಣಿಯಲ್ಲಿ ಕಲಾವಿದರಾಗಲು ಧ್ವನಿಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. (ಹಾರ್ಮೋನಿಯಮ್ಮಿಗೆ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಪ್ರವೇಶವೇ ಇರಲಿಲ್ಲ ಎಂಬುದನ್ನು ಪೇಟಿ ಮಾಸ್ತರರು ಇಂದಿಗೂ ಮರೆತಿಲ್ಲ.)

ಮುದ್ರಣದ ಭಯಕ್ಕೆ ಮುದ್ರಣವೇ ಮದ್ದು, ಆದರೆ ಕ್ರಮವರಿತು. ದಿನವೂ ಅಭ್ಯಾಸದ ಕೊನೆಯಲ್ಲಿ ಒಂದೇ ಒಂದು ಸಲ, ಏನೇ ಆದರೂ ನಿಲ್ಲಿಸದೆ, ಆರಂಭದಿಂದ ಅಂತ್ಯದವರೆಗೆ ಮುದ್ರಿಸಬೇಕು. ಮೊದಲ ವಾರ ಅದನ್ನು ಕೇಳದೆಯೇ ಅಳಿಸಿಬಿಡಬಹುದು. ಯಂತ್ರ ಇರುವುದಕ್ಕೆ ಕೈ ಹೊಂದಿಕೊಳ್ಳುವುದಷ್ಟೇ ಅಲ್ಲಿಯ ಉದ್ದೇಶ. ಆ ಮೇಲೆ ಮರುದಿನ ಕೇಳಬೇಕು. ನುಡಿಸಿದ ತಕ್ಷಣ ಕೇಳಿದರೆ ತಪ್ಪುಗಳು ಮಾತ್ರ ಕೇಳಿಸುತ್ತವೆ. ಅಂತಿಮ ಮುದ್ರಣದ ದಿನ ಮೂರು ಸಲಕ್ಕಿಂತ ಹೆಚ್ಚು ಪ್ರಯತ್ನಿಸುವುದರಿಂದ ಲಾಭಕ್ಕಿಂತ ದಣಿವೇ ಹೆಚ್ಚು. ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿಡುವುದು, ಫ್ಯಾನ್ ನಿಲ್ಲಿಸುವುದು, ಕರೆಂಟು ಹೋಗುವ ಹೊತ್ತನ್ನು ಬಿಟ್ಟು ಬೇರೆ ಹೊತ್ತನ್ನು ಆರಿಸಿಕೊಳ್ಳುವುದು ಸಣ್ಣ ಸಂಗತಿಗಳಾದರೂ ಮನಸ್ಸಿನ ಭಾರವನ್ನು ಇಳಿಸುತ್ತವೆ.

ಅಭ್ಯಾಸದ ಕ್ರಮಗಳು

ಕೃತಿಯನ್ನು ಆರಂಭದಿಂದ ಮಾತ್ರವಲ್ಲದೆ ಯಾವ ಭಾಗದಿಂದಲಾದರೂ ಹಿಡಿಯಲು ಬರಬೇಕು. ಇದಕ್ಕಾಗಿ ಕೃತಿಯಲ್ಲಿ ಆರೇಳು ತಂಗುದಾಣಗಳನ್ನು ಗುರುತಿಸಿಕೊಂಡು, ಶಿಕ್ಷಕರು ಅಥವಾ ಮನೆಯವರು 'ಮೂರು' ಎಂದಾಗ ಮೂರನೆಯ ತಾಣದಿಂದ, 'ಐದು' ಎಂದಾಗ ಐದನೆಯದರಿಂದ ನುಡಿಸುವ ಆಟವನ್ನು ಆಡಬಹುದು. ಕೊಂಡಿ ತಪ್ಪಿದರೆ ಹಿಂದಕ್ಕೆ ಹೋಗದೆ ಮುಂದಿನ ತಾಣಕ್ಕೆ ಹಾರುವುದು ಆಗ ರೂಢಿಯಾಗುತ್ತದೆ. ಹಿಂದುಸ್ತಾನಿ ಪದ್ಧತಿಯಲ್ಲಿ ಈ ಕೆಲಸವನ್ನು ತಾಳವೇ ಮಾಡಿಕೊಡುತ್ತದೆ. ಏನೇ ತಪ್ಪಿದರೂ ಮುಂದಿನ ಆವರ್ತನದ ಸಮ್ ಬರಲೇಬೇಕು, ಅಲ್ಲಿ ಬಂದು ಸೇರಿಕೊಳ್ಳಬಹುದು. ತಬಲಾದವನೊಡನೆ ಅಭ್ಯಾಸ ಮಾಡಿದವನಿಗೆ ಈ ಧೈರ್ಯ ಬೇಗ ಬರುತ್ತದೆ. ಧಾಟಿಯ ಸ್ವರಗಳನ್ನು ವಾದ್ಯವಿಲ್ಲದೆ ಬಾಯಲ್ಲಿ ಹೇಳಲು ಬರುವಂತೆ ಮಾಡಿಕೊಂಡರೆ ಬೆರಳು ಮರೆತದ್ದನ್ನು ಬಾಯಿ ನೆನಪಿಸುತ್ತದೆ.

ಕೇಳುಗರನ್ನು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿಸಬೇಕು. ಮೊದಲು ತಮ್ಮನೋ ತಂಗಿಯೋ ಒಬ್ಬರು, ಆ ಮೇಲೆ ಮನೆಯವರು, ನೆರೆಯವರು, ತರಗತಿಯ ಗೆಳೆಯರು, ಕೊನೆಗೆ ಅಪರಿಚಿತರು. ಪ್ರತಿ ಮೆಟ್ಟಿಲಿನಲ್ಲಿ ಭಯ ಸ್ವಲ್ಪ ಇಳಿದ ಮೇಲೆಯೇ ಮುಂದಿನದಕ್ಕೆ ಹೋಗತಕ್ಕದ್ದು. ಹೆದರಿದಾಗ ಆಗುವ ದೇಹಸ್ಥಿತಿಯನ್ನು ಮೊದಲೇ ಪರಿಚಯಿಸಿಕೊಳ್ಳುವ ಒಂದು ಉಪಾಯವೂ ಇದೆ: ಅಂಗಳದಲ್ಲಿ ಎರಡು ಸುತ್ತು ಓಡಿ ಬಂದು, ಎದೆ ಬಡಿದುಕೊಳ್ಳುತ್ತಿರುವಾಗಲೇ ವಾದ್ಯದ ಮುಂದೆ ಕುಳಿತು ನುಡಿಸುವುದು. ಎದೆಬಡಿತದ ಲಯಕ್ಕೆ ಕೈ ಒಲಿಯದಂತೆ ತಡೆಯಲು ಇದರಿಂದ ಕಲಿಯಬಹುದು.

ಮನಸ್ಸಿಗೆ ಹೇಳಿಕೊಳ್ಳುವ ಮಾತಿಗೂ ಬೆಲೆಯುಂಟು. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರ ಮುಂದೆ ಹಾಡುವ ಮೊದಲು 'ನನಗೆ ಉತ್ಸಾಹವಾಗುತ್ತಿದೆ' ಎಂದು ಹೇಳಿಕೊಂಡವರು 'ನನಗೆ ಆತಂಕವಾಗುತ್ತಿದೆ' ಎಂದು ಹೇಳಿಕೊಂಡವರಿಗಿಂತ ಚೆನ್ನಾಗಿ ಹಾಡಿದರು. ಉತ್ಸಾಹದಲ್ಲಿಯೂ ಭಯದಲ್ಲಿಯೂ ಎದೆ ಬಡಿಯುವುದು ಒಂದೇ ರೀತಿ. ಅದಕ್ಕೆ ಇಡುವ ಹೆಸರು ಬೇರೆ. 'ಹೆದರಬೇಡ, ಶಾಂತನಾಗು' ಎಂಬ ಉಪದೇಶ ಹೆಚ್ಚು ಕೆಲಸಕ್ಕೆ ಬಾರದಿರುವುದಕ್ಕೆ ಇದು ಒಂದು ವಿವರಣೆಯಾಗಬಹುದು, ಏಕೆಂದರೆ ಬಡಿಯುತ್ತಿರುವ ಎದೆಯನ್ನು ಅಪ್ಪಣೆಯಿಂದ ನಿಲ್ಲಿಸಲಾಗದು.

ಕಾರ್ಯಕ್ರಮದ ದಿನ

ಆ ದಿನ ಹೊಸದಾಗಿ ಏನನ್ನೂ ಕಲಿಯಬಾರದು. ಊಟ ಹಗುರವಾಗಿರಲಿ, ಚಹಾ, ಕಾಫಿ ರೂಢಿಗಿಂತ ಹೆಚ್ಚು ಬೇಡ, ಅವು ಎದೆಬಡಿತವನ್ನು ಹೆಚ್ಚಿಸುತ್ತವೆ. ಬೇರೆಯವರ ವಾದ್ಯವನ್ನು ನುಡಿಸಬೇಕಾಗಿದ್ದರೆ ಮೊದಲೇ ಹೋಗಿ ಕೈಯಾಡಿಸಬೇಕು. ಪೇಟಿಯ ಯಾವ ಕೀಲಿ ಅಂಟಿಕೊಳ್ಳುತ್ತದೆ, ಯಾವ ರೀಡು ಕರಕರ ಎನ್ನುತ್ತದೆ, ತಿದಿ ಎಷ್ಟು ಗಾಳಿ ಹಿಡಿಯುತ್ತದೆ ಎಂಬುದು ತಿಳಿದಿದ್ದರೆ ಅರ್ಧ ದಿಗಿಲು ಕಡಿಮೆಯಾಗುತ್ತದೆ. ತಣ್ಣನೆಯ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿಕೊಳ್ಳಬಹುದು, ಬೆವರುವವರು ಒಣ ಕರವಸ್ತ್ರವನ್ನು ಹತ್ತಿರವಿಟ್ಟುಕೊಳ್ಳಬಹುದು. ಸರದಿಗಾಗಿ ಕಾಯುವಾಗ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುತ್ತಾ ಐದಾರು ನಿಮಿಷ ಕುಳಿತರೆ ಎದೆಬಡಿತ ಕೆಲಮಟ್ಟಿಗೆ ಇಳಿಯುತ್ತದೆ.

ವಾದ್ಯದ ಮುಂದೆ ಕುಳಿತೊಡನೆ ಕೈಯಿಡಬಾರದು. ಮೊದಲ ಸಾಲನ್ನು ಮನಸ್ಸಿನಲ್ಲಿ, ಮನೆಯಲ್ಲಿ ನುಡಿಸುವ ವೇಗದಲ್ಲಿ, ಒಮ್ಮೆ ಕೇಳಿಸಿಕೊಂಡು ಆರಂಭಿಸಬೇಕು. ಸಭೆಗೆ ಈ ವಿರಾಮ ದೀರ್ಘವೆನಿಸುವುದಿಲ್ಲ. ತಪ್ಪು ಬಂದಾಗ ಮುಖ ಸಿಂಡರಿಸುವುದು, ನಾಲಗೆ ಕಚ್ಚುವುದು, ತಲೆಯಾಡಿಸುವುದು ಬೇಡ. ಕೇಳುಗರಲ್ಲಿ ಬಹುಪಾಲು ಜನಕ್ಕೆ ತಪ್ಪು ಗೊತ್ತಾಗುವುದು ವಾದಕನ ಮುಖದಿಂದಲೇ.

ಶಿಕ್ಷಕರು ಮತ್ತು ಪಾಲಕರು

ಮಗು ಇಳಿದು ಬಂದಾಗ ಅವರು ಆಡುವ ಮೊದಲ ಮಾತಿನ ಪರಿಣಾಮ ಬಹುಕಾಲ ಉಳಿಯುತ್ತದೆ. ತಪ್ಪುಗಳ ವಿಚಾರಣೆಯನ್ನು ಎರಡು ದಿನ ಮುಂದೂಡುವುದು ಒಳಿತು. ಬಂಧುಗಳು ಬಂದಾಗಲೆಲ್ಲ 'ಬಾ, ಕಾಕಾಗೆ ಒಂದು ನುಡಿಸಿ ತೋರಿಸು' ಎಂದು ಒತ್ತಾಯಿಸುವುದು ಅಭ್ಯಾಸವಲ್ಲ. ಮಗುವಿನ ಒಪ್ಪಿಗೆಯಿಂದ ಮೊದಲೇ ದಿನ ಗೊತ್ತುಮಾಡಿದರೆ ಅದು ಅಭ್ಯಾಸವಾಗುತ್ತದೆ. ವರ್ಷಕ್ಕೊಂದು ದೊಡ್ಡ ವಾರ್ಷಿಕೋತ್ಸವಕ್ಕಿಂತ ತಿಂಗಳಿಗೊಂದು ಚಿಕ್ಕ ಬೈಠಕ್ ಈ ದೃಷ್ಟಿಯಿಂದ ಹೆಚ್ಚು ಉಪಯುಕ್ತ. ಶಾಲೆಯ ಬೆಳಗಿನ ಪ್ರಾರ್ಥನೆಗೆ ಸರದಿಯಂತೆ ಮಕ್ಕಳೇ ಪೇಟಿ ನುಡಿಸುವ ಏರ್ಪಾಡು ಖರ್ಚಿಲ್ಲದ್ದು. ಪ್ರಾರ್ಥನೆಯನ್ನು ಎಲ್ಲರೂ ಹಾಡುತ್ತಿರುವುದರಿಂದ ಭಜನೆಯ ಹಿಮ್ಮೇಳದ ರಕ್ಷಣೆ ಅಲ್ಲಿಯೂ ದೊರೆಯುತ್ತದೆ.

ಔಷಧ ಮತ್ತು ವೈದ್ಯಕೀಯ ನೆರವು

ಪ್ರೊಪ್ರನೊಲಾಲ್ ಮೊದಲಾದ ಬೀಟಾ ತಡೆಕಾರಿ ಔಷಧಗಳು ಅಡ್ರಿನಲಿನ್ನಿನ ಪರಿಣಾಮವನ್ನು ತಡೆದು ನಡುಕ ಮತ್ತು ಎದೆಬಡಿತವನ್ನು ಕಡಿಮೆ ಮಾಡುತ್ತವೆ. 1987ರಲ್ಲಿ ಅಮೆರಿಕದ ವಾದ್ಯವೃಂದಗಳ ಕಲಾವಿದರ ಸಂಘಟನೆಯೊಂದು 2,212 ಮಂದಿಯಿಂದ ಮಾಹಿತಿ ಪಡೆದಾಗ ಶೇ. 24ರಷ್ಟು ಜನ ಸಭಾಕಂಪದ ತೊಂದರೆಯನ್ನೂ ಶೇ. 27ರಷ್ಟು ಜನ ಇಂಥ ಔಷಧದ ಬಳಕೆಯನ್ನೂ ಒಪ್ಪಿಕೊಂಡರು. ಈ ಔಷಧಗಳು ದೇಹದ ಚಿಹ್ನೆಗಳನ್ನು ಅಡಗಿಸುತ್ತವೆ, ಭಯದ ಕಾರಣವನ್ನಲ್ಲ. ಉಬ್ಬಸ ಇರುವವರಿಗೂ ಕೆಲವು ಬಗೆಯ ಹೃದಯದ ತೊಂದರೆ ಇರುವವರಿಗೂ ಇವು ಅಪಾಯಕಾರಿ. ವೈದ್ಯರ ಚೀಟಿಯಿಲ್ಲದೆ, ಗೆಳೆಯರ ಮಾತು ಕೇಳಿ ತೆಗೆದುಕೊಳ್ಳಬಾರದು. ಧೈರ್ಯಕ್ಕೆಂದು ಮದ್ಯ ಸೇವಿಸುವ ಕೆಟ್ಟ ರೂಢಿ ಕೆಲವು ಕಲಾವಿದರಲ್ಲಿದೆ. ಅದು ಬೆರಳಿನ ಹಿಡಿತವನ್ನೂ ಲಯವನ್ನೂ ಕೆಡಿಸುತ್ತದೆ.

ಕಾರ್ಯಕ್ರಮಕ್ಕೆ ವಾರಗಳ ಮುಂಚಿನಿಂದಲೇ ನಿದ್ದೆ ಕೆಡುವುದು, ವಾಂತಿಯಾಗುವುದು, ಪರೀಕ್ಷೆ ಅಥವಾ ಶಾಲೆಯನ್ನೇ ತಪ್ಪಿಸುವುದು ಮೊದಲಾದವು ಕಂಡುಬಂದರೆ ಅದನ್ನು ಸಾಮಾಜಿಕ ಆತಂಕದ ಕಾಯಿಲೆಯೆಂದು ಪರಿಶೀಲಿಸಬೇಕಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಪ್ರದರ್ಶನಕ್ಕೆ ಮಾತ್ರ ಸೀಮಿತವಾದ ಆತಂಕವನ್ನು ಪ್ರತ್ಯೇಕವಾಗಿ ಗುರುತಿಸಲಾಗಿದೆ. ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಮಾತಿನ ಚಿಕಿತ್ಸೆ ಇದಕ್ಕೆ ಫಲಕಾರಿ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದ ಅಡಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ದಿನಗಳಲ್ಲಿ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು.